ಎಸ್ಟಾಬ್ಲಿಷ್‌ಮೆಂಟೋ, ಪ್ರೋಗ್ರೆಸಿವೋ? ಪ್ರೈಮರಿಯಲ್ಲಿ ಮೊದಲು ಸೀಟು ನೋಡಿ

ಅಮೆರಿಕದ ಸಿಟಿಜನ್‌ಶಿಪ್ ಸಿಕ್ಕ ಮೇಲೆ ನಮ್ಮವರು ನವೆಂಬರ್ ಚುನಾವಣೆಗೆ ತಪ್ಪದೆ ಹೋಗುತ್ತಾರೆ. ವೋಟು ಹಾಕಿ, ಸ್ಟಿಕರ್ ಅಂಟಿಸಿಕೊಂಡು ಫೋಟೋನೂ ಹಾಕುತ್ತಾರೆ. ಪ್ರೈಮರಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆ, ಬಂದರೆ ಮಾತ್ರ ಗೊಂದಲ ಶುರು. ಒಂದೇ ಪಕ್ಷದ ನಾಲ್ಕೈದು ಜನ, ಎಲ್ಲರೂ ಟ್ರಂಪ್ ವಿರೋಧಿಗಳೇ, ಎಲ್ಲರೂ ಆಸ್ಪತ್ರೆ ಖರ್ಚು ಇಳಿಸುತ್ತೇವೆ ಅನ್ನುವವರೇ. ಒಬ್ಬರು ಪಕ್ಷದ ಹಳೆ ಮುಖಂಡರ, ಅಂದರೆ ಎಸ್ಟಾಬ್ಲಿಷ್‌ಮೆಂಟ್ ಕಡೆಯವರು, ಅವರ ಬೆನ್ನಿಗೆ ಸೆನೆಟರ್, ಗವರ್ನರ್, ದೊಡ್ಡ ಯೂನಿಯನ್‌ಗಳು. ಇನ್ನೊಬ್ಬರು ಪ್ರೋಗ್ರೆಸಿವ್, ಅಂದರೆ ಪಕ್ಷದ ಎಡಬದಿಯವರು, ಅವರ ಬೆನ್ನಿಗೆ ಸೆನೆಟರ್ ಬರ್ನಿ ಸ್ಯಾಂಡರ್ಸ್ ಮತ್ತು ಬಾಗಿಲು ಬಾಗಿಲು ತಟ್ಟುವ ಹುಡುಗ ಹುಡುಗಿಯರು. ಅಪ್ಪ ಅಮ್ಮ ಒಂದು ಕಡೆ, ಕಾಲೇಜಿಗೆ ಹೋಗುವ ಮಕ್ಕಳು ಇನ್ನೊಂದು ಕಡೆ. ಯಾರಿಗೆ ಹಾಕೋದು ಅಂತ ಹಲವರು ಕೇಳಿದ್ದೀರಿ, ಅದಕ್ಕೇ ಇದು.

ನಮ್ಮೂರಿನ ಲೆಕ್ಕದಲ್ಲಿ ಹೇಳುವುದಾದರೆ, ಕರ್ನಾಟಕದಲ್ಲಿ ಬಿ ಫಾರಂ ಯಾರಿಗೆ ಅನ್ನುವುದು ಹೈಕಮಾಂಡ್ ತೀರ್ಮಾನ, ನಾವು ಟಿವಿಯಲ್ಲಿ ನೋಡುತ್ತೇವೆ ಅಷ್ಟೆ. ಇಲ್ಲಿ ಪ್ರೈಮರಿಯಲ್ಲಿ ಬಿ ಫಾರಂ ಕೊಡುವವರು ನೀವೇ. ಹಾಗಂತ ಹೈಕಮಾಂಡ್ ಇಲ್ಲವೇ ಇಲ್ಲ ಅಂದುಕೊಳ್ಳಬೇಡಿ. ಅದು ಹಣ ತರುತ್ತದೆ, ಕಾರ್ಯಕರ್ತರನ್ನು ಕೊಡುತ್ತದೆ, ಕೆಲವು ಕಡೆ ಬ್ಯಾಲಟ್ ಮೇಲೆ ಒಳ್ಳೆ ಜಾಗವನ್ನೂ ಕೊಡಿಸುತ್ತಿತ್ತು. ನ್ಯೂಜೆರ್ಸಿಯಲ್ಲಿ ದಶಕಗಳ ಕಾಲ ಕೌಂಟಿ ಲೈನ್ ಅಂತ ಒಂದು ಪದ್ಧತಿ ಇತ್ತು: ಕೌಂಟಿ ಪಕ್ಷ ಒಪ್ಪಿದವರ ಹೆಸರೆಲ್ಲ ಒಂದೇ ಸಾಲಿನಲ್ಲಿ, ಉಳಿದವರು ಎಲ್ಲೋ ಮೂಲೆಯಲ್ಲಿ. ಸೆನೆಟ್ ಸೀಟಿಗೆ ನಿಂತಿದ್ದ ಆಂಡಿ ಕಿಮ್ ಕೋರ್ಟಿಗೆ ಹೋದರು, 2024ರ ಮಾರ್ಚಿನಲ್ಲಿ ಫೆಡರಲ್ ನ್ಯಾಯಾಧೀಶರು ಅದಕ್ಕೆ ತಡೆ ಕೊಟ್ಟರು. ಮುಂದಿನ ವರ್ಷ ಗವರ್ನರ್ ಪ್ರೈಮರಿಯಲ್ಲಿ ಡೆಮಾಕ್ರಟಿಕ್ ಪಕ್ಷದಿಂದ ಆರು ಜನ ನಿಂತರು. ಮೂರನೇ ಒಂದರಷ್ಟು ವೋಟಿಗೇ ಎಸ್ಟಾಬ್ಲಿಷ್‌ಮೆಂಟ್ ಕಡೆಯ ಮಿಕಿ ಶೆರಿಲ್ ಗೆದ್ದರು, ಪ್ರೋಗ್ರೆಸಿವ್‌ಗಳ ಮೆಚ್ಚಿನ ರಾಸ್ ಬರಾಕಾ ಎರಡನೆಯವರಾದರು. ಲೈನ್ ಹೋದ ತಕ್ಷಣ ಎಸ್ಟಾಬ್ಲಿಷ್‌ಮೆಂಟ್ ಸೋತುಬಿಡುತ್ತದೆ ಅಂದುಕೊಂಡಿದ್ದವರ ಲೆಕ್ಕ ತಪ್ಪಿತು.

ನಾನು ಇಲ್ಲಿ ಡೆಮಾಕ್ರಟಿಕ್ ಪಕ್ಷದ ಮಾತನ್ನಷ್ಟೇ ಆಡುತ್ತಿದ್ದೇನೆ. ರಿಪಬ್ಲಿಕನ್ ಪ್ರೈಮರಿಗಳ ಜಗಳವೇ ಬೇರೆ.

ಅಳೆಯುವುದು ಯಾವುದರಿಂದ?

ಐದು ಪ್ರಶ್ನೆ ಸಾಕು. ಈ ಹುದ್ದೆಗೆ ಇರುವ ಅಧಿಕಾರ ಏನು? ನವೆಂಬರಿನಲ್ಲಿ ಈ ಸೀಟು ಪಕ್ಷಕ್ಕೆ ಗ್ಯಾರಂಟಿನಾ ಇಲ್ಲವಾ? ಅಭ್ಯರ್ಥಿ ಇದುವರೆಗೆ ಮಾಡಿರುವುದೇನು, ಹೇಳುತ್ತಿರುವುದಲ್ಲ? ದುಡ್ಡು ಎಲ್ಲಿಂದ ಬರುತ್ತಿದೆ? ಕೊನೆಗೆ, ನಿಮ್ಮ ಮನೆಗೆ ಮುಖ್ಯವಾದ ಒಂದೆರಡು ವಿಷಯದಲ್ಲಿ ಇವರ ನಿಲುವೇನು?

ಇವುಗಳಲ್ಲಿ ಮೊದಲ ಎರಡಕ್ಕೆ ತೂಕ ಜಾಸ್ತಿ. ನಾನು ಪ್ರೋಗ್ರೆಸಿವ್, ನಾನು ಮಾಡರೇಟ್ (ಮಧ್ಯಮ ದಾರಿಯವನು) ಅಂತ ಮೊದಲೇ ಬೋರ್ಡು ಹಾಕಿಕೊಂಡು ಮೇಲಿನಿಂದ ಕೆಳಗಿನವರೆಗೂ ಅದೇ ಪ್ರಕಾರ ಒತ್ತಿಕೊಂಡು ಬರುವವರು ಬಹಳ ಜನ ಇದ್ದಾರೆ. ನನಗದು ಸರಿ ಕಾಣುವುದಿಲ್ಲ. ಒಬ್ಬರೇ ಮತದಾರರು ಒಂದೇ ದಿನ ಕಾಂಗ್ರೆಸ್ (ಅಮೆರಿಕದ ಸಂಸತ್ತು) ಸೀಟಿಗೆ ಪ್ರೋಗ್ರೆಸಿವ್‌ಗೂ ಮೇಯರ್ ಸ್ಥಾನಕ್ಕೆ ಹಳೆ ಹುಲಿಗೂ ಹಾಕಿದರೆ ಅದರಲ್ಲಿ ದ್ವಂದ್ವ ಏನೂ ಇಲ್ಲ, ಎರಡೂ ಬೇರೆ ಬೇರೆ ಕೆಲಸ.

ಮೇಯರ್, ಗವರ್ನರ್ ಆದರೆ

ಇತ್ತೀಚಿನ ದೊಡ್ಡ ಉದಾಹರಣೆ ನ್ಯೂಯಾರ್ಕ್ ನಗರದ 2025ರ ಜೂನ್ 24ರ ಪ್ರೈಮರಿ. ಒಂದು ಕಡೆ ಆಂಡ್ರ್ಯೂ ಕ್ವೋಮೊ: ಹತ್ತು ವರ್ಷ ಗವರ್ನರ್ ಆಗಿದ್ದವರು, ಲಾಗಾರ್ಡಿಯಾ ವಿಮಾನ ನಿಲ್ದಾಣ ಹೊಸದಾಗಿ ಕಟ್ಟಿಸಿದವರು, ಅಧಿಕಾರಿಗಳ ಕೈಲಿ ಕೆಲಸ ಮಾಡಿಸುವುದು ಗೊತ್ತಿದ್ದವರು, ಲೈಂಗಿಕ ಕಿರುಕುಳದ ಆರೋಪಗಳ ತನಿಖಾ ವರದಿ ಬಂದ ಮೇಲೆ 2021ರಲ್ಲಿ ರಾಜೀನಾಮೆ ಕೊಟ್ಟವರೂ ಹೌದು, ಆರೋಪಗಳನ್ನು ಅವರು ಅಲ್ಲಗಳೆಯುತ್ತಾ ಬಂದಿದ್ದಾರೆ. ಇನ್ನೊಂದು ಕಡೆ ಜೊಹ್ರಾನ್ ಮಮ್ದಾನಿ: ಆಗ 33 ವರ್ಷ, ರಾಜ್ಯ ಅಸೆಂಬ್ಲಿ ಸದಸ್ಯ, ದೊಡ್ಡ ಆಡಳಿತ ನಡೆಸಿದ ಅನುಭವ ಇಲ್ಲ. ಮೊದಲ ಸುತ್ತಿನಲ್ಲೇ ಮಮ್ದಾನಿಗೆ ಶೇ. 44, ಕ್ವೋಮೊಗೆ ಶೇ. 36. ಮತದಾರರ ಮುಂದಿನ ಆಯ್ಕೆಗಳ ಪ್ರಕಾರ ಉಳಿದವರ ವೋಟು ಹಂಚಿಕೆಯಾದ ಮೇಲೆ 56ಕ್ಕೆ 44.

ಇಲ್ಲಿ ಇಬ್ಬರ ಸ್ವಭಾವಕ್ಕಿಂತ ಮಮ್ದಾನಿ ಕೊಟ್ಟ ಮಾತುಗಳನ್ನು ಒಂದೊಂದಾಗಿ ನೋಡಿ. ಬಾಡಿಗೆ ಏರಿಸಲ್ಲ ಅಂದರು. ಇದು ನಗರದ ಸುಮಾರು 10 ಲಕ್ಷ ನಿಯಂತ್ರಿತ ಬಾಡಿಗೆಯ ಮನೆಗಳಿಗೆ ಮಾತ್ರ ಅನ್ವಯ. ಆ ಬಾಡಿಗೆ ತೀರ್ಮಾನಿಸುವ ಮಂಡಳಿಯ ಒಂಬತ್ತೂ ಸದಸ್ಯರನ್ನು ನೇಮಿಸುವುದು ಮೇಯರ್. ಬಿಲ್ ಡಿ ಬ್ಲಾಸಿಯೊ ಮೇಯರ್ ಆಗಿದ್ದಾಗಲೂ ಬಾಡಿಗೆ ಏರದ ವರ್ಷಗಳು ಇದ್ದವು. ಹಾಗಾಗಿ ಇದು ಮೇಯರ್ ಕೈಲಿ ಆಗುವ ಮಾತು. ಬಸ್ಸು ಫ್ರೀ ಅಂದರು. ಬಸ್ಸು ಓಡಿಸುವ ಎಂಟಿಎ ರಾಜ್ಯದ ಹಿಡಿತದಲ್ಲಿರುವ ಸಂಸ್ಥೆ, ಮೇಯರ್ ಒಬ್ಬರೇ ಆಗಲ್ಲ. ಶ್ರೀಮಂತರ ಮೇಲೆ ಆದಾಯ ತೆರಿಗೆ ಹೆಚ್ಚಿಸುತ್ತೇನೆ ಅಂದರು. ಅದಕ್ಕೆ ರಾಜ್ಯದ ರಾಜಧಾನಿ ಆಲ್ಬನಿಯ ಶಾಸಕರು ಮತ್ತು ಗವರ್ನರ್ ಒಪ್ಪಬೇಕು. ಹೀಗೆ ಬಿಡಿಸಿದರೆ ಪ್ರಣಾಳಿಕೆಯಲ್ಲಿ ಎಷ್ಟು ಭಾಗ ಆ ಕುರ್ಚಿಗೆ ಸೇರಿದ್ದು, ಎಷ್ಟು ಭಾಗ ಇನ್ನೊಬ್ಬರ ಬಾಗಿಲಲ್ಲಿ ನಿಂತು ಕೇಳಬೇಕಾದ್ದು ಅನ್ನುವುದು ಗೊತ್ತಾಗುತ್ತದೆ.

ಈ ಪರೀಕ್ಷೆಯನ್ನು ಎಸ್ಟಾಬ್ಲಿಷ್‌ಮೆಂಟ್ ಕಡೆಯವರಿಗೂ ಹಾಕಬೇಕು. ಅನುಭವ ಅನುಭವ ಅನ್ನುತ್ತಾರಲ್ಲ, ಯಾವುದರ ಅನುಭವ? ಸೇತುವೆ ಕಟ್ಟಿಸಿದ್ದೋ, ಮಸೂದೆ ತಡೆದಿದ್ದೋ, ಸುಮ್ನೆ ಹುದ್ದೆಯಲ್ಲಿ ಕೂತಿದ್ದೋ? ಆಡಳಿತದ ಹುದ್ದೆಗೆ ಕೆಲಸ ಮಾಡಿಸುವ ಶಕ್ತಿ ನಿಜಕ್ಕೂ ಬೇಕು: ಹಿಮ ಬಿದ್ದ ದಿನ ರಸ್ತೆ ಸ್ವಚ್ಛ ಆಗಬೇಕು, ಪೊಲೀಸ್ ಕಮಿಷನರ್ ಯಾರಾಗಬೇಕು ಅಂತ ತೀರ್ಮಾನಿಸಬೇಕು. ಹಾಗಾಗಿ ಮೇಯರ್, ಗವರ್ನರ್ ಸ್ಥಾನಕ್ಕೆ ನಾನು ಅನುಭವಕ್ಕೆ ಒಂದು ತೂಕ ಜಾಸ್ತಿ ಕೊಡುತ್ತೇನೆ. ಆದರೆ ಅನುಭವದ ಜೊತೆ ಹಳೆ ಹೊರೆಯೂ ಬರುತ್ತದೆ, ಅದನ್ನೂ ತಕ್ಕಡಿಗೆ ಹಾಕಿ. ಹೊಸಬರಾದರೆ ಅವರು ಯಾರನ್ನು ಸುತ್ತ ಇಟ್ಟುಕೊಳ್ಳುತ್ತಾರೆ ಅಂತ ಕೇಳಿ, ಉತ್ತರದಲ್ಲಿ ಹೆಸರುಗಳಿವೆಯಾ ಬರೀ ಘೋಷಣೆನಾ ನೋಡಿ.

ಇನ್ನೊಂದು ಮಾತು. ಪ್ರೈಮರಿ ಸೋತ ಕ್ವೋಮೊ ನವೆಂಬರಿನಲ್ಲಿ ಪಕ್ಷೇತರರಾಗಿ ನಿಂತು ಮತ್ತೆ ಸೋತರು. ನಮಗೆ ಬಂಡಾಯ ಅಭ್ಯರ್ಥಿ ಹೊಸದಲ್ಲ ಬಿಡಿ.

ಕಾಂಗ್ರೆಸ್ ಸೀಟಾದರೆ

ಹೌಸ್‌ನಲ್ಲಿ, ಅಂದರೆ ಕಾಂಗ್ರೆಸ್‌ನ ಕೆಳಮನೆಯಲ್ಲಿ, 435 ಜನ. ಒಬ್ಬ ಸದಸ್ಯ ಒಂದು ವೋಟು, ಜೊತೆಗೆ ಗಲಾಟೆ ಮಾಡುವ ಮೈಕು. ಇಲ್ಲಿ ಮುಖ್ಯ ಪ್ರಶ್ನೆ ಸೀಟು ಸೇಫಾ ಅನ್ನುವುದು. ಕುಕ್ ಪೊಲಿಟಿಕಲ್ ರಿಪೋರ್ಟ್‌ನವರು ಪ್ರತಿ ಕ್ಷೇತ್ರಕ್ಕೂ ಪಿವಿಐ ಅಂತ ಒಂದು ಅಂಕಿ ಕೊಡುತ್ತಾರೆ, ಡಿ+20 ಅಂದರೆ ಆ ಕ್ಷೇತ್ರ ದೇಶದ ಸರಾಸರಿಗಿಂತ ಅಷ್ಟು ಡೆಮಾಕ್ರಟಿಕ್ ಕಡೆಗೆ ವಾಲಿದೆ ಅಂತ. ನಿಮ್ಮ ಕ್ಷೇತ್ರದ ಸಂಖ್ಯೆ ಹಾಕಿ ಹುಡುಕಿದರೆ ಒಂದು ನಿಮಿಷದ ಕೆಲಸ.

ಡಿ+10ರ ಮೇಲಿದ್ದರೆ ಪ್ರೈಮರಿಯೇ ನಿಜವಾದ ಚುನಾವಣೆ. ನವೆಂಬರ್ ಬರೀ ಶಾಸ್ತ್ರ. ಪ್ರೋಗ್ರೆಸಿವ್ ನಿಂತರೆ ಸೀಟು ಕೈಬಿಟ್ಟು ಹೋಗುತ್ತದೆ ಅನ್ನುವ ಹೆದರಿಕೆ ಇಲ್ಲಿ ನಡೆಯಲ್ಲ, ಆ ವಾದ ಯಾರಾದರೂ ತಂದರೆ ನಂಬಬೇಡಿ. 2018ರಲ್ಲಿ ಕ್ವೀನ್ಸ್ ಮತ್ತು ಬ್ರಾಂಕ್ಸ್‌ನ ಕ್ಷೇತ್ರದಲ್ಲಿ ಅಲೆಕ್ಸಾಂಡ್ರಿಯಾ ಒಕಾಸಿಯೊ-ಕೊರ್ಟೆಜ್ ಅವರು ಜೋ ಕ್ರೌಲಿಯನ್ನು ಸೋಲಿಸಿದ್ದು ಇಂಥ ಸೀಟಿನಲ್ಲೇ. ಕ್ರೌಲಿ ಹೌಸ್ ಡೆಮಾಕ್ರಟ್‌ಗಳಲ್ಲಿ ನಾಲ್ಕನೇ ಸ್ಥಾನದಲ್ಲಿದ್ದ ನಾಯಕ. ಸುಮಾರು 7 ಲಕ್ಷ ಜನರಿರುವ ಕ್ಷೇತ್ರದಲ್ಲಿ ಆ ದಿನ ವೋಟು ಹಾಕಿದವರು 30 ಸಾವಿರದಷ್ಟು, ಅಂತರ ನಾಲ್ಕು ಸಾವಿರದಷ್ಟು. ಒಂದು ದೊಡ್ಡ ಕನ್ನಡ ಕೂಟದ ಯುಗಾದಿಗೆ ಸೇರುವ ಜನದ ಕೆಲವು ಪಟ್ಟು, ಅಷ್ಟೇ.

ಆದರೆ ಕ್ರೌಲಿ ಹೋದದ್ದರಿಂದ ಕ್ಷೇತ್ರ ಕಳೆದುಕೊಂಡದ್ದೂ ಇದೆ. ನಾಯಕತ್ವದ ಸಾಲಿನಲ್ಲಿರುವವರು ಬಜೆಟ್ಟಿನಲ್ಲಿ ತಮ್ಮೂರಿಗೆ ಹಣ ತರಬಲ್ಲರು, ಹೊಸಬರು ಹಿಂದಿನ ಬೆಂಚಿನಿಂದ ಶುರು ಮಾಡಬೇಕು. ನಿಮಗೆ ಬೇಕಿರುವುದು ಊರಿನ ಆಸ್ಪತ್ರೆಗೆ ಅನುದಾನವಾ, ಇಡೀ ಪಕ್ಷದ ದಿಕ್ಕು ಬದಲಾಗುವುದಾ? ಸೇಫ್ ಸೀಟಿನಲ್ಲಿ ಇದೇ ನಿಜವಾದ ಆಯ್ಕೆ.

ಸೀಟು ಅತ್ತಿತ್ತ ವಾಲುವಂಥದ್ದಾದರೆ ಲೆಕ್ಕ ಬದಲಾಗುತ್ತದೆ. ಆರೆಗನ್‌ನ 5ನೇ ಕ್ಷೇತ್ರ ನೋಡಿ. 2022ರಲ್ಲಿ ಹಾಲಿ ಸದಸ್ಯ ಕರ್ಟ್ ಶ್ರೇಡರ್ ಮಾಡರೇಟ್, ಅಧ್ಯಕ್ಷ ಬೈಡನ್ ಬೆಂಬಲವೂ ಇತ್ತು. ಶ್ರೇಡರ್ ಅವರನ್ನು ಪ್ರೋಗ್ರೆಸಿವ್ ಜೇಮಿ ಮೆಕ್‌ಲಿಯಾಡ್-ಸ್ಕಿನ್ನರ್ ಪ್ರೈಮರಿಯಲ್ಲಿ ಸೋಲಿಸಿದರು. ನವೆಂಬರಿನಲ್ಲಿ ಸುಮಾರು ಶೇ. 2ರ ಅಂತರದಲ್ಲಿ ಸೀಟು ರಿಪಬ್ಲಿಕನ್ ಪಾಲಾಯಿತು. 2024ರಲ್ಲಿ ಪಕ್ಷದ ಮುಖಂಡರ ಒಲವಿದ್ದ ಜನೆಲ್ ಬೈನಮ್ ಪ್ರೈಮರಿ ಗೆದ್ದು ಸೀಟು ವಾಪಸ್ ತಂದರು. ಮಾಡರೇಟ್‌ಗಳು ಈ ಕಥೆಯನ್ನು ಹೇಳಿ ಹೇಳಿ ಸವೆಸಿದ್ದಾರೆ.

ಅವರು ಹೇಳದ ಕಥೆ ಕೆಂಟಕಿಯದ್ದು. 2020ರ ಸೆನೆಟ್ ಪ್ರೈಮರಿಯಲ್ಲಿ ಮುಖಂಡರ ಆಯ್ಕೆ ಏಮಿ ಮೆಕ್‌ಗ್ರಾತ್, ಮಾಜಿ ಫೈಟರ್ ಪೈಲಟ್. ಮೆಕ್‌ಗ್ರಾತ್ ಅವರು ಪ್ರೋಗ್ರೆಸಿವ್ ಚಾರ್ಲ್ಸ್ ಬುಕರ್ ಅವರನ್ನು ಸ್ವಲ್ಪದರಲ್ಲಿ ಹಿಂದಿಕ್ಕಿದರು. ಗೆಲ್ಲುವ ಕುದುರೆ ಅಂತ ದೇಶದ ಎಲ್ಲಾ ಕಡೆಯಿಂದ ದುಡ್ಡು ಹರಿದು ಬಂತು, 9 ಕೋಟಿ ಡಾಲರ್‌ಗೂ ಜಾಸ್ತಿ. ನವೆಂಬರಿನಲ್ಲಿ ರಿಪಬ್ಲಿಕನ್ ನಾಯಕ ಮಿಚ್ ಮೆಕಾನೆಲ್ ಎದುರು ಸೋತಿದ್ದು ಹತ್ತಿರ ಹತ್ತಿರ ಶೇ. 20ರ ಅಂತರದಲ್ಲಿ. ಹಾಗಾಗಿ 'ಇವರು ಗೆಲ್ಲುತ್ತಾರೆ' ಅನ್ನುವ ಮಾತನ್ನು ಸಾಕ್ಷಿ ಇಲ್ಲದೆ ಒಪ್ಪಬೇಡಿ. ಸಾಕ್ಷಿ ಅಂದರೆ, ಆ ಅಭ್ಯರ್ಥಿ ಹಿಂದೆ ಇಂಥದ್ದೇ ಕಷ್ಟದ ಕ್ಷೇತ್ರದಲ್ಲಿ ಗೆದ್ದಿದ್ದಾರಾ? ತಮ್ಮ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಗಿಂತ ಜಾಸ್ತಿ ವೋಟು ತೆಗೆದಿದ್ದಾರಾ? ಎರಡಕ್ಕೂ ಇಲ್ಲ ಅಂದರೆ ಅದು ಬರೀ ಊಹೆ.

ಹಣೆಪಟ್ಟಿ ನಂಬಬೇಡಿ

ಸನ್ನಿವೇಲ್, ಫ್ರೀಮಾಂಟ್, ಕ್ಯೂಪರ್ಟಿನೊ ಕಡೆ ಇರುವ ನಮ್ಮವರಿಗೆ ಇದು ಚೆನ್ನಾಗಿ ನೆನಪಿರಬೇಕು. 2014ರಲ್ಲಿ ರೋ ಖನ್ನಾ ಅವರು ಹಾಲಿ ಕಾಂಗ್ರೆಸ್ ಸದಸ್ಯ ಮೈಕ್ ಹೋಂಡಾ ಎದುರು ನಿಂತಾಗ ಹೋಂಡಾ ಹಳೆಯ ಪ್ರೋಗ್ರೆಸಿವ್, ಖನ್ನಾ ಟೆಕ್ ಕಂಪನಿ ಮಾಲೀಕರ ಕಡೆಯ ಹುಡುಗ ಅನ್ನುವ ಮಾತಿತ್ತು. ಆ ಸಲ ಖನ್ನಾ ಸೋತರು, 2016ರಲ್ಲಿ ಗೆದ್ದರು. 2020ರ ಹೊತ್ತಿಗೆ ಅದೇ ಖನ್ನಾ ಬರ್ನಿ ಸ್ಯಾಂಡರ್ಸ್ ಪ್ರಚಾರದ ಸಹ-ಅಧ್ಯಕ್ಷ! ವ್ಯಕ್ತಿ ಬದಲಾದರೋ, ಹಣೆಪಟ್ಟಿ ಮೊದಲೇ ತಪ್ಪಾಗಿತ್ತೋ, ನೀವೇ ಹೇಳಿ.

ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾನೇದಾರ್ ಅವರ ದಾರಿ ಇದಕ್ಕೆ ತಿರುಗುಮುರುಗು. 2018ರ ಮಿಶಿಗನ್ ಗವರ್ನರ್ ಪ್ರೈಮರಿಯಲ್ಲಿ ಸ್ವಂತ ದುಡ್ಡು ಸುರಿದು ಬರ್ನಿ ಮಾದರಿಯ ಪ್ರೋಗ್ರೆಸಿವ್ ಅಂತ ಹೇಳಿಕೊಂಡೇ ನಿಂತರು. ಬರ್ನಿ ಅವರೇ ಬೆಂಬಲಿಸಿದ್ದು ಮಾತ್ರ ಅಬ್ದುಲ್ ಎಲ್-ಸಯೀದ್ ಅವರನ್ನು. ಗ್ರೆಚೆನ್ ವಿಟ್ಮರ್ ಶೇ. 52 ಪಡೆದು ಗೆದ್ದರು, ಎಲ್-ಸಯೀದ್‌ಗೆ 30, ಥಾನೇದಾರ್‌ಗೆ 18ರಷ್ಟು. 2022ರಲ್ಲಿ ಡೆಟ್ರಾಯಿಟ್ ಕ್ಷೇತ್ರದಿಂದ ಕಾಂಗ್ರೆಸ್‌ಗೆ ಹೋದರು. ಈಗ ಅವರೇ ಹಾಲಿ ಸದಸ್ಯ, ಪ್ರೋಗ್ರೆಸಿವ್ ಗುಂಪು ಜಸ್ಟಿಸ್ ಡೆಮಾಕ್ರಾಟ್ಸ್ ಬೆಂಬಲದ ಡೊನಾವನ್ ಮೆಕಿನ್ನಿ ಎಡದಿಂದ ಸವಾಲು ಹಾಕಿ 2025ರಲ್ಲೇ ಸ್ಪರ್ಧೆ ಘೋಷಿಸಿದರು. ನಮ್ಮೂರಿನವರು ಅನ್ನುವ ಪ್ರೀತಿ ಇರಲಿ, ಬೇಡ ಅನ್ನಲ್ಲ, ಆದರೆ ವೋಟಿಗೆ ಅದೊಂದೇ ಕಾರಣ ಆಗಬಾರದು.

ಹಣೆಪಟ್ಟಿ ಬದಲು ನೋಡಬೇಕಾದ್ದು ದಾಖಲೆ. 2021ರ ನವೆಂಬರಿನಲ್ಲಿ ರಸ್ತೆ, ರೈಲು, ಸೇತುವೆಗಳ ದೊಡ್ಡ ಮಸೂದೆ ಹೌಸ್‌ನಲ್ಲಿ 228ಕ್ಕೆ 206 ವೋಟಿನಿಂದ ಪಾಸಾಯಿತು. ಆರು ಪ್ರೋಗ್ರೆಸಿವ್‌ಗಳು ವಿರುದ್ಧ ಹಾಕಿದರು, ಅವರಲ್ಲಿ ಒಕಾಸಿಯೊ-ಕೊರ್ಟೆಜ್, ಜಮಾಲ್ ಬೋಮನ್, ಕೋರಿ ಬುಷ್ ಇದ್ದರು. ಅವರ ಕಾರಣ ಸ್ಪಷ್ಟ: ಮಕ್ಕಳ ಪಾಲನೆ, ಹವಾಮಾನದ ಮಸೂದೆ ಜೊತೆಯಲ್ಲೇ ಬರದಿದ್ದರೆ ಅದನ್ನು ಆಮೇಲೆ ಕೈಬಿಡುತ್ತಾರೆ ಅಂತ. ಆ ದೊಡ್ಡ ಮಸೂದೆ ನಿಜಕ್ಕೂ ಕುಗ್ಗಿ ಹೋಯಿತು. ಹಾಗಂತ ಸೇತುವೆಗೆ ಬೇಡ ಅಂದ ವೋಟು ಊರಲ್ಲಿ ವಿವರಿಸುವುದು ಸುಲಭ ಅಲ್ಲ, ಎದುರಾಳಿಗಳು ಅದನ್ನು ಬಿಡಲಿಲ್ಲ. ಹಟ ಹಿಡಿಯುವವರು ಬೇಕೋ, ಸಿಕ್ಕಿದ್ದನ್ನು ತೆಗೆದುಕೊಂಡು ಬರುವವರು ಬೇಕೋ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಪರೀಕ್ಷೆ ನನಗೆ ಕಂಡಿಲ್ಲ. ಈ ಒಂದು ವೋಟಿನ ಬಗ್ಗೆ ನಿಮಗೆ ಏನನಿಸುತ್ತದೆ ಅನ್ನುವುದರಿಂದಲೇ ನಿಮ್ಮ ಅರ್ಧ ಉತ್ತರ ಸಿಗುತ್ತದೆ.

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ. 2024ರಲ್ಲಿ ಬೋಮನ್ ಮತ್ತು ಬುಷ್ ಇಬ್ಬರೂ ಪ್ರೈಮರಿ ಸೋತರು. ಬೋಮನ್ ವಿರುದ್ಧ ಇಸ್ರೇಲ್ ಪರ ಲಾಬಿ ಎಐಪ್ಯಾಕ್‌ಗೆ ಸೇರಿದ ಸೂಪರ್ ಪ್ಯಾಕ್ (ಮಿತಿ ಇಲ್ಲದೆ ದುಡ್ಡು ಎತ್ತಿ ಖರ್ಚು ಮಾಡುವ ಗುಂಪು) ಒಂದೇ 1.4 ಕೋಟಿ ಡಾಲರ್‌ಗೂ ಜಾಸ್ತಿ ಖರ್ಚು ಮಾಡಿತು. ನ್ಯೂಯಾರ್ಕಿನಲ್ಲಿ ಕ್ವೋಮೊ ಪರ ಸೂಪರ್ ಪ್ಯಾಕ್ 2 ಕೋಟಿ ಡಾಲರ್ ದಾಟಿದರೂ ಅವರು ಗೆಲ್ಲಲಿಲ್ಲ. ದುಡ್ಡಿದ್ದವರು ಗೆದ್ದೇ ಗೆಲ್ಲುತ್ತಾರೆ ಅಂತಿಲ್ಲ, ಆದರೆ ದುಡ್ಡು ಕೊಟ್ಟವರು ಯಾರು ಅಂತ ಫೆಡರಲ್ ಚುನಾವಣಾ ಆಯೋಗವಾದ ಎಫ್‌ಇಸಿ ಅಥವಾ ಓಪನ್‌ಸೀಕ್ರೆಟ್ಸ್ ತಾಣದಲ್ಲಿ ನೋಡುವುದು ಒಳ್ಳೆಯದು.

ನಮ್ಮ ಮನೆಗಳ ಲೆಕ್ಕ

ಇಲ್ಲಿ ನಮ್ಮವರು ಜಾಸ್ತಿ ಎಡವುತ್ತಾರೆ. ಗ್ರೀನ್ ಕಾರ್ಡ್ ಸಾಲಿನಲ್ಲಿ ತಮ್ಮನೋ ನಾದಿನಿಯೋ ಕಾಯುತ್ತಿದ್ದರೆ, ಪ್ರೋಗ್ರೆಸಿವ್ ಅಂದರೆ ವಲಸಿಗರ ಪರ, ಹಾಗಾಗಿ ಎಚ್-1ಬಿ ಪರ ಅಂತ ಅಂದುಕೊಂಡುಬಿಡುತ್ತಾರೆ. ಹಾಗಿಲ್ಲ. ಬರ್ನಿ ಸ್ಯಾಂಡರ್ಸ್ ಅವರು ಎಚ್-1ಬಿ ಅನ್ನು ಕಂಪನಿಗಳು ಕಡಿಮೆ ಸಂಬಳಕ್ಕೆ ಜನ ತರುವ ದಾರಿ ಅಂತ ವರ್ಷಗಳಿಂದ ಟೀಕಿಸುತ್ತಿದ್ದಾರೆ, 2025ರ ಜನವರಿಯಲ್ಲೂ ಟೀಕಿಸಿದರು. ಎಸ್ಟಾಬ್ಲಿಷ್‌ಮೆಂಟ್ ಕಡೆಯೂ ಹಾಗೇ. ಗ್ರೀನ್ ಕಾರ್ಡಿಗೆ ಒಂದು ದೇಶಕ್ಕೆ ಶೇ. 7ರ ಮಿತಿ ತೆಗೆಯುವ ಮಸೂದೆ 2019ರ ಜುಲೈನಲ್ಲಿ ಹೌಸ್‌ನಲ್ಲಿ 365ಕ್ಕೆ 65ರಲ್ಲಿ ಪಾಸಾಯಿತು. ಸೆನೆಟ್‌ನಲ್ಲಿ ಅದಕ್ಕೆ ಅಡ್ಡ ನಿಂತವರಲ್ಲಿ ಡೆಮಾಕ್ರಟ್ ಮುಖಂಡ ಡಿಕ್ ಡರ್ಬಿನ್ ಅವರೂ ಇದ್ದರು. ಆಮೇಲೆ ಎರಡೂ ಸದನ ಒಂದೇ ರೂಪಕ್ಕೆ ಒಪ್ಪಲೇ ಇಲ್ಲ. ಅಂದರೆ ಈ ವಿಷಯದಲ್ಲಿ ಬಣ ನೋಡಿ ಪ್ರಯೋಜನ ಇಲ್ಲ, ಪ್ರತಿ ಅಭ್ಯರ್ಥಿಯ ಆಫೀಸಿಗೆ ಇಮೇಲ್ ಹಾಕಿ ನೇರ ಕೇಳಿ. ಉತ್ತರ ಕೊಡದವರ ಬಗ್ಗೆಯೂ ಒಂದು ವಿಷಯ ಗೊತ್ತಾಗುತ್ತದೆ ಅಲ್ವಾ.

ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾದಲ್ಲಿ ಸ್ವಂತ ಮನೆ, ಇಬ್ಬರ ಸಂಬಳ ಇರುವವರಿಗೆ ಸಾಲ್ಟ್ ಕಡಿತ ದೊಡ್ಡ ವಿಷಯ. ರಾಜ್ಯದ ತೆರಿಗೆ, ಮನೆ ತೆರಿಗೆಯನ್ನು ಫೆಡರಲ್ ಲೆಕ್ಕದಲ್ಲಿ ಕಳೆಯಲು 2017ರ ಕಾನೂನು 10 ಸಾವಿರ ಡಾಲರ್ ಮಿತಿ ಹಾಕಿತು, 2025ರಲ್ಲಿ ಅದು 40 ಸಾವಿರ ಆಯಿತು. ಈ ಮಿತಿ ಏರಿಸಲು ಗುದ್ದಾಡಿದವರಲ್ಲಿ ಜಾಶ್ ಗಾಟ್‌ಹೈಮರ್ ಥರದ ಮಾಡರೇಟ್‌ಗಳು ಮುಂದೆ, ಸ್ಯಾಂಡರ್ಸ್ ಇದನ್ನು ಶ್ರೀಮಂತರಿಗೆ ಕೊಡುವ ಉಡುಗೊರೆ ಅಂತ ವಿರೋಧಿಸಿದವರು. ಇಲ್ಲಿ ಬಣದ ವ್ಯತ್ಯಾಸ ನಿಜಕ್ಕೂ ಜೇಬಿಗೆ ತಟ್ಟುತ್ತದೆ.

ಕ್ವೀನ್ಸ್‌ನಲ್ಲಿ ಬಾಡಿಗೆ ಮನೆ, ಚಿಕ್ಕ ಮಗು ಇರುವ ಜೋಡಿಗೆ ಲೆಕ್ಕ ಪೂರ್ತಿ ಬೇರೆ. ಬಾಡಿಗೆ ಮತ್ತು ಡೇಕೇರ್ ಎರಡೇ ಸಂಬಳದ ಅರ್ಧ ತಿನ್ನುವಾಗ ಸಾಲ್ಟ್ ಯಾರಿಗೆ ಬೇಕು? ಅವರ ಪರವಾಗಿ ಜೋರಾಗಿ ಮಾತಾಡುತ್ತಿರುವುದು ಪ್ರೋಗ್ರೆಸಿವ್‌ಗಳೇ. ಕೆಲಸ ಬಿಟ್ಟು ಸ್ವಂತ ಕಂಪನಿ ಶುರು ಮಾಡಬೇಕು, ಆದರೆ ಆರೋಗ್ಯ ವಿಮೆ ಹೋಗುತ್ತದೆ ಅಂತ ಹೆದರುವವರೂ ಇದ್ದಾರೆ. ಅವರು ಎಲ್ಲರಿಗೂ ಮೆಡಿಕೇರ್ (ಸರ್ಕಾರಿ ಆರೋಗ್ಯ ವಿಮೆ) ಅನ್ನುವವರನ್ನೂ, ಈಗಿರುವ ಒಬಾಮಾಕೇರ್ ಸಬ್ಸಿಡಿಯನ್ನೇ ಗಟ್ಟಿ ಮಾಡುತ್ತೇವೆ ಅನ್ನುವವರನ್ನೂ ಸಮಯದ ದೃಷ್ಟಿಯಿಂದ ಹೋಲಿಸಲಿ. ಮೊದಲನೆಯದು ಸಿಕ್ಕಿದರೆ ಭಯವೇ ಹೋಗುತ್ತದೆ, ಆದರೆ ಯಾವಾಗ ಸಿಕ್ಕೀತು? ಎರಡನೆಯದು ಮುಂದಿನ ವರ್ಷದ ಪ್ರೀಮಿಯಂಗೆ ಸಂಬಂಧಿಸಿದ್ದು.

ಎಷ್ಟು ಸಮಯ, ಎಷ್ಟು ದುಡ್ಡು, ಯಾವ ನಿಯಮ

ಒಂದೇ ಸಂಜೆ ಬಿಡುವಿದೆಯಾ? ಹಾಗಾದರೆ ವೋಟ್411 ತಾಣದಲ್ಲಿ ನಿಮ್ಮ ವಿಳಾಸ ಹಾಕಿ ಬ್ಯಾಲಟ್ ನೋಡಿ, ಹಾಲಿ ಸದಸ್ಯರಾದರೆ ಗವ್‌ಟ್ರ್ಯಾಕ್‌ನಲ್ಲಿ ಅವರ ವೋಟುಗಳನ್ನು ನೋಡಿ, ಸಾಕು. ಜಾಸ್ತಿ ಸಮಯ ಇದ್ದರೆ ಟೌನ್ ಹಾಲ್‌ಗೆ ಹೋಗಿ. ದೇಣಿಗೆ ಕೊಡುವುದಾದರೆ 2025-26ಕ್ಕೆ ಫೆಡರಲ್ ಅಭ್ಯರ್ಥಿಗೆ ಒಬ್ಬರು ಒಂದು ಚುನಾವಣೆಗೆ 3,500 ಡಾಲರ್‌ವರೆಗೆ ಕೊಡಬಹುದು. ನ್ಯೂಯಾರ್ಕ್ ನಗರದಲ್ಲಿ ನಿವಾಸಿಗಳ ಚಿಕ್ಕ ದೇಣಿಗೆಗೆ ನಗರವೇ ಒಂದಕ್ಕೆ ಎಂಟರಷ್ಟು ಸೇರಿಸುವ ಯೋಜನೆ ಇದೆ, ಹಾಗಾಗಿ ಅಲ್ಲಿ 50 ಡಾಲರಿಗೂ ಬೆಲೆ ಇದೆ. ಗ್ರೀನ್ ಕಾರ್ಡ್ ಇರುವವರು ದೇಣಿಗೆ ಕೊಡಬಹುದು, ಆದರೆ ವೋಟು ಹಾಕಲೇಬಾರದು. ಎಚ್-1ಬಿ ಇರುವವರು ದೇಣಿಗೆಯನ್ನೂ ಕೊಡುವಂತಿಲ್ಲ. ಸಂಬಳ ಇಲ್ಲದೆ ಸ್ವಯಂಸೇವಕರಾಗಿ ಫೋನ್ ಮಾಡಬಹುದು.

ನಿಯಮ ರಾಜ್ಯಕ್ಕೊಂದು ಥರ, ಅದಕ್ಕೆ ತಕ್ಕಂತೆ ತಂತ್ರವೂ ಬದಲಾಗುತ್ತದೆ. ನ್ಯೂಯಾರ್ಕ್ ನಗರದ ಹುದ್ದೆಗಳ (ಮೇಯರ್ ಥರದ) ಪ್ರೈಮರಿಯಲ್ಲಿ ಐದು ಜನರವರೆಗೆ ಕ್ರಮವಾಗಿ ಆರಿಸಬಹುದು, ಹಾಗಾಗಿ ಒಬ್ಬರೇ ಯಾರು ಅಂತ ತಲೆ ಕೆಡಿಸಿಕೊಳ್ಳಬೇಕಿಲ್ಲ. ಪ್ರೋಗ್ರೆಸಿವ್ ಮೊದಲು, ನಂಬುವ ಮಾಡರೇಟ್ ಎರಡನೇದು ಅಂತ ಹಾಕಿ, ಬೇಡವೇ ಬೇಡ ಅನ್ನಿಸಿದವರ ಹೆಸರು ಪೂರ್ತಿ ಬಿಡಿ. ಕ್ಯಾಲಿಫೋರ್ನಿಯಾದಲ್ಲಿ ಮೊದಲ ಇಬ್ಬರು ಯಾವ ಪಕ್ಷದವರಾದರೂ ನವೆಂಬರಿಗೆ ಹೋಗುತ್ತಾರೆ, ಖನ್ನಾ ಹೋಂಡಾ ನವೆಂಬರಿನಲ್ಲಿ ಎದುರಾಳಿಗಳಾದದ್ದು ಹಾಗೇ. ಅಲ್ಲಿ ನಿಮ್ಮ ಕಡೆಯವರು ಮೂರು ನಾಲ್ಕು ಜನ ವೋಟು ಹಂಚಿಕೊಂಡರೆ ಇಬ್ಬರಲ್ಲೂ ನಿಮ್ಮವರು ಇರದೇ ಹೋಗಬಹುದು. ಟೆಕ್ಸಾಸ್‌ನಲ್ಲಿ ಯಾರಿಗೂ ಅರ್ಧಕ್ಕಿಂತ ಜಾಸ್ತಿ ಬರದಿದ್ದರೆ ಮೇ ತಿಂಗಳಲ್ಲಿ ಮೊದಲ ಇಬ್ಬರ ನಡುವೆ ರನ್‌ಆಫ್. 2022ರಲ್ಲಿ ಹಳೆಯ ಮಾಡರೇಟ್ ಹೆನ್ರಿ ಕ್ವೆಯಾರ್ ಅವರು ಪ್ರೋಗ್ರೆಸಿವ್ ಜೆಸ್ಸಿಕಾ ಸಿಸ್ನೆರೋಸ್ ಎದುರು ಅಂಥ ರನ್‌ಆಫ್ ಗೆದ್ದದ್ದು ಮರುಎಣಿಕೆ ನಂತರ 289 ವೋಟಿನಿಂದ. ಮಾರ್ಚಿನಲ್ಲಿ ಹಾಕಿ ಮೇನಲ್ಲಿ ಮರೆತುಬಿಡುವವರಿಗಾಗಿ ಈ ಅಂಕಿ ಹೇಳಿದೆ.

ನ್ಯೂಯಾರ್ಕಿನವರು ಒಂದು ದಿನಾಂಕ ಗುರುತು ಹಾಕಿಕೊಳ್ಳಿ: ಬೇರೆ ಪಕ್ಷದಲ್ಲಿ ನೋಂದಾಯಿಸಿಕೊಂಡಿದ್ದರೆ ಆ ವರ್ಷದ ಪ್ರೈಮರಿಗೆ ಬದಲಿಸಲು ಫೆಬ್ರವರಿ 14 ಕೊನೆ. ನ್ಯೂಜೆರ್ಸಿಯಲ್ಲಿ ಯಾವ ಪಕ್ಷಕ್ಕೂ ಸೇರದವರು ಪ್ರೈಮರಿ ದಿನ ಮತಗಟ್ಟೆಯಲ್ಲೇ ಪಕ್ಷ ಹೇಳಿ ಹಾಕಬಹುದು, ಬೇರೆ ಪಕ್ಷದಲ್ಲಿದ್ದವರು 55 ದಿನ ಮೊದಲೇ ಬದಲಿಸಬೇಕು. ಮಿಶಿಗನ್‌ನಲ್ಲಿ ಪಕ್ಷದ ನೋಂದಣಿಯೇ ಇಲ್ಲ, ಯಾವುದಾದರೂ ಒಂದು ಪಕ್ಷದ ಸಾಲಿನಲ್ಲಿ ಮಾತ್ರ ಹಾಕಬೇಕು. ಎರಡೂ ಕಡೆ ಗುರುತು ಹಾಕಿದರೆ ಪಕ್ಷದ ಸೀಟುಗಳಿಗೆ ಹಾಕಿದ ವೋಟು ಲೆಕ್ಕಕ್ಕೆ ಬರಲ್ಲ.